ಹತ್ತನೇ ತರಗತಿಯ 42 ಮಂದಿಗೆ ತಮಾಷೆಯ ಭವಿಷ್ಯ ಬರೆಯುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಎಸ್ಸೆಸ್ಸೆಲ್ಸಿ ಬೀಳ್ಕೊಡುಗೆಗೆ ಹತ್ತು ದಿನ ಇದೆ, ತರಗತಿಯಲ್ಲಿ 42 ಜನ, ಒಬ್ಬೊಬ್ಬರೂ ಮುಂದೆ ಏನಾಗುತ್ತಾರೆ ಅಂತ ತಮಾಷೆಯಾಗಿ ಬರೆದು ವೇದಿಕೆ ಮೇಲೆ ಓದಬೇಕು, ಎಲ್ಲರೂ ನಗಬೇಕು, ಯಾರೂ ಮುಖ ಊದಿಸಿಕೊಂಡು ಮನೆಗೆ ಹೋಗಬಾರದು.

ಸಾಧ್ಯ. ಆದರೆ "ಇವನು ಮುಂದೆ ಏನಾಗಬಹುದು" ಅಂತ ಯೋಚಿಸುತ್ತಾ ಕೂತರೆ ಮೂರನೇ ಹೆಸರಿಗೇ ಪೆನ್ನು ನಿಲ್ಲುತ್ತದೆ. ಒಬ್ಬ ಡಾಕ್ಟರ್, ಒಬ್ಬಳು ಐಎಎಸ್, ಒಬ್ಬ ಸಿನಿಮಾ ಹೀರೋ, ಒಬ್ಬ ಮುಖ್ಯಮಂತ್ರಿ. ಅಲ್ಲಿಗೆ ಸರಕು ಖಾಲಿ. ನಗು ಬರುವುದು ಭವಿಷ್ಯಕ್ಕಲ್ಲ, ಇವತ್ತಿನ ಅಭ್ಯಾಸಕ್ಕೆ. ಇಡೀ ತರಗತಿಗೆ ಗೊತ್ತಿರುವ ಒಂದು ಸಣ್ಣ ಚಾಳಿಯನ್ನು ಹಿಡಿದು, 25 ವರ್ಷ ಮುಂದಕ್ಕೆ ಒಯ್ದು, ಅಲ್ಲಿ ಅದನ್ನು ಗೆಲ್ಲಿಸಬೇಕು. ಈ ಗೆಲ್ಲಿಸುವುದು ಬಹಳ ಮುಖ್ಯ. ಇಲ್ಲಿ ಬೈಗುಳ ತಿನ್ನಿಸಿದ ಅಭ್ಯಾಸ ಅಲ್ಲಿ ಹಾರ ಹಾಕಿಸಿಕೊಳ್ಳಬೇಕು. ಅಭ್ಯಾಸದಿಂದ ಆ ಹುಡುಗ ಅಲ್ಲಿಯೂ ಸೋತರೆ ಅದು ಬೈಗುಳವೇ, ಭವಿಷ್ಯದ ವೇಷ ಹಾಕಿದೆ ಅಷ್ಟೆ.

ಉದಾಹರಣೆ ನೋಡಿ. ಮೇಷ್ಟ್ರು ಹೊರಗೆ ಹೋದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಕ್ಲಾಸ್ ಲೀಡರ್ ಎಲ್ಲ ಕಡೆ ಇರುತ್ತಾಳೆ. "ದೊಡ್ಡ ಪೊಲೀಸ್ ಅಧಿಕಾರಿ ಆಗುತ್ತಾಳೆ" ಅಂತ ಬರೆದರೆ ಯಾರೂ ಕತ್ತೆತ್ತುವುದಿಲ್ಲ. ಹೀಗೆ ಬರೆಯಿರಿ: "ವಿಧಾನಸಭೆಯ ಸ್ಪೀಕರ್ ಆಗ್ತಾಳೆ. ಗದ್ದಲ ಮಾಡಿದ ಶಾಸಕರ ಹೆಸರನ್ನು ಬೋರ್ಡ್ ಮೇಲೆ ಬರೀತಾಳೆ. ವಿರೋಧ ಪಕ್ಷದ ನಾಯಕರ ಹೆಸರಿನ ಮುಂದೆ: ಇಂಟು ಎರಡು." ಕೊನೆಯ ಆ ಎರಡು ಪದಕ್ಕೆ ಸಭೆ ಏಳುತ್ತದೆ, ಯಾಕೆಂದರೆ ತಮ್ಮ ಹೆಸರಿನ ಮುಂದೆ ಅದನ್ನು ನೋಡದವರು ಆ ಕೋಣೆಯಲ್ಲಿ ಇರುವುದಿಲ್ಲ. ಇನ್ನೊಂದು. ದಿನಾ ಪೆನ್ನು ಕಡ ಕೇಳುವವನು: "ಪೆನ್ನಿನ ಕಾರ್ಖಾನೆ ತೆಗೀತಾನೆ. ಮೂಲ ಬಂಡವಾಳ, ಈ ಕ್ಲಾಸಿನಿಂದ ತಗೊಂಡ 163 ಪೆನ್ನು. ಒಂದಕ್ಕೂ ಮುಚ್ಚಳ ಇಲ್ಲ." ನೂರೈವತ್ತು ಅಂದರೆ ಅಂದಾಜು ಅನ್ನಿಸುತ್ತದೆ, 163 ಅಂದರೆ ಯಾರೋ ನಿಜವಾಗಿಯೂ ಎಣಿಸಿದ ಹಾಗಿರುತ್ತದೆ. ಅಂಕಿಗಳು ಯಾವಾಗಲೂ ಹೀಗೆ ಕೊಂಕಾಗಿರಲಿ.

ಈಗ ಸರಕು ಸಂಗ್ರಹ. ನಿಮಗೆ ಚೆನ್ನಾಗಿ ಗೊತ್ತಿರುವವರು ಹದಿನೈದು ಜನ ಇರಬಹುದು, ಉಳಿದ 27 ಮಂದಿಯ ಅಭ್ಯಾಸ ನಿಮಗೆ ಗೊತ್ತಿಲ್ಲ. ಅದಕ್ಕೆ ಮೊದಲ ಎರಡು ದಿನ ಚೀಟಿ ಹಂಚಿ. ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿದರೆ ಹನ್ನೊಂದು ಹಾಳೆಯಲ್ಲಿ 44 ಚೀಟಿ. ಒಂದೊಂದರಲ್ಲೂ ಮೂರೇ ಪ್ರಶ್ನೆ: ನಿನ್ನ ಯಾವ ಅಭ್ಯಾಸಕ್ಕೆ ಎಲ್ಲರೂ ರೇಗಿಸುತ್ತಾರೆ? ಪಕ್ಕದಲ್ಲಿ ಕೂರುವವರು ದಿನಾ ಮಾಡುವ ಒಂದು ಕೆಲಸ ಯಾವುದು? ಯಾವ ವಿಷಯ ವೇದಿಕೆ ಮೇಲೆ ಬರಲೇಬಾರದು? ಮೂರನೇ ಪ್ರಶ್ನೆಯನ್ನು ಮರೆತರೆ ಉಳಿದೆರಡು ಇದ್ದೂ ಪ್ರಯೋಜನವಿಲ್ಲ. ಎರಡನೆಯದಕ್ಕೆ ಬರುವ ಉತ್ತರಗಳು ಚಿನ್ನ. "ಎರಡನೇ ಪೀರಿಯಡ್ಡಿಗೇ ಡಬ್ಬಿ ಖಾಲಿ", "ಭೂಪಟದಲ್ಲಿ ಸಮುದ್ರಕ್ಕೆ ಅಷ್ಟೂ ನೀಲಿ ಬಣ್ಣ ಬಳೀತಾಳೆ", "ಬೆಲ್ ಹೊಡೆಯೋಕೆ ಎರಡು ನಿಮಿಷ ಮುಂಚೆ ಬ್ಯಾಗ್ ಹೆಗಲಿಗೆ" ಇಂಥವು ನಿಮ್ಮ ತಲೆಗೆ ಹೊಳೆಯುವಂಥವಲ್ಲ.

ಬರೆಯುವಾಗ ಹಾಜರಿ ಪುಸ್ತಕದ ಕ್ರಮಸಂಖ್ಯೆ ಇಟ್ಟುಕೊಂಡೇ ಬರೆಯಿರಿ, ನೆನಪಿನಿಂದ ಬೇಡ. ನೆನಪಿನಿಂದ ಬರೆದ ಪಟ್ಟಿಯಲ್ಲಿ ಇಬ್ಬರು ಮೂವರು ಬಿಟ್ಟೇ ಹೋಗುತ್ತಾರೆ, ಬಿಟ್ಟುಹೋಗುವವರು ಯಾವಾಗಲೂ ಸುಮ್ಮನಿರುವವರು. ವರ್ಷದ ನಡುವೆ ಬೇರೆ ಊರಿನಿಂದ ಬಂದು ಸೇರಿದವರು, ಹಾಸ್ಟೆಲಿನವರು, ಆ ದಿನ ಗೈರಾಗುವವರು, ಇವರದ್ದನ್ನು ಮೊದಲೇ ಬರೆದು ಮುಗಿಸಿ. ಕೆಟ್ಟ ತಮಾಷೆಗೆ ಒಂದು ದಿನ ಬೇಜಾರಾಗುತ್ತದೆ. ತನ್ನ ಹೆಸರೇ ಬರಲಿಲ್ಲ ಅನ್ನುವುದು ಇಪ್ಪತ್ತು ವರ್ಷ ಇರುತ್ತದೆ.

ಸುಮ್ಮನಿರುವ ಹುಡುಗಿಗೆ ಏನು ಬರೆಯುವುದು ಅಂತ ಎಲ್ಲರೂ ಕೇಳುತ್ತಾರೆ. "ಮುಂದೆ ಬಾಯಿಬಡುಕಿ ಆಗ್ತಾಳೆ" ಅಂತ ತಿರುಗಿಸಿ ಬರೆಯುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಅದಕ್ಕೇ ಬೇಡ. ಮೌನ ಒಂದು ಊನ ಅನ್ನುವ ಹಾಗೆ ಕೇಳುತ್ತದೆ. ಮೌನವನ್ನೇ ಗೆಲ್ಲಿಸಿ: "ಇಸ್ರೋದಲ್ಲಿ ಕೌಂಟ್‌ಡೌನ್ ಹೇಳುವ ಕೆಲಸ ಇವಳದು. ಹತ್ತು, ಒಂಬತ್ತು ಅನ್ನಬೇಕು. ಇವಳು ಸುಮ್ಮನೆ ನೋಡಿದಳು. ರಾಕೆಟ್ ಅರ್ಥಮಾಡಿಕೊಂಡು ಹೊರಟಿತು."

ಇಲ್ಲಿ ಕನ್ನಡದ್ದೇ ಒಂದು ತೊಡಕಿದೆ. ನಮ್ಮ ವಾಕ್ಯ ಮುಗಿಯುವುದು ಕ್ರಿಯಾಪದದಲ್ಲಿ. ನಗಿಸುವ ಪದ ಅದಕ್ಕಿಂತ ಮುಂಚೆ ಬಂದುಬಿಟ್ಟರೆ "ಮಾಡುತ್ತಾನೆ", "ಆಗಿರುತ್ತಾಳೆ" ಅನ್ನುವಷ್ಟರಲ್ಲಿ ನಗು ಆರಿಹೋಗುತ್ತದೆ. "ರಜಾ ಅರ್ಜಿಗಳ ಸಮಗ್ರ ಸಂಪುಟವನ್ನು ಹೆಡ್‌ಮಾಸ್ಟರ ಮುನ್ನುಡಿಯೊಂದಿಗೆ ಪ್ರಕಟಿಸಿ ಪ್ರಸಿದ್ಧನಾಗುತ್ತಾನೆ" ಅನ್ನುವುದು ಸಪ್ಪೆ. ಅದನ್ನೇ ಒಡೆಯಿರಿ: "ದೊಡ್ಡ ಸಾಹಿತಿ ಆಗ್ತಾನೆ. ಮೊದಲ ಪುಸ್ತಕ: ರಜಾ ಅರ್ಜಿಗಳ ಸಮಗ್ರ ಸಂಪುಟ. ಮುನ್ನುಡಿ: ನಮ್ಮ ಹೆಡ್‌ಮಾಸ್ಟರು." ಕೊನೆಯ ವಾಕ್ಯದಿಂದ ಕ್ರಿಯಾಪದ ಕಿತ್ತುಹಾಕಿದರೆ ಏಟು ಕೊನೆಗೆ ಬೀಳುತ್ತದೆ. ಒಂದು ಭವಿಷ್ಯಕ್ಕೆ ಎರಡು ಅಥವಾ ಮೂರು ಪುಟ್ಟ ವಾಕ್ಯ, ಒಟ್ಟು ಇಪ್ಪತ್ತು ಪದದೊಳಗೆ. ಓದಲು ಹತ್ತು ಸೆಕೆಂಡು, ನಗಲು ಐದು. 42 ಜನಕ್ಕೆ ಹತ್ತೂವರೆ ನಿಮಿಷ. ಹನ್ನೆರಡು ನಿಮಿಷ ದಾಟಿದರೆ ಹಿಂದಿನ ಸಾಲಿನವರು ತಮ್ಮದೇ ಕಾರ್ಯಕ್ರಮ ಶುರು ಮಾಡುತ್ತಾರೆ.

ಮಾತು ನಿಮ್ಮ ಊರಿನದೇ ಇರಲಿ. ಹುಬ್ಬಳ್ಳಿ ಕಡೆಯವರು "ಆಗ್ತಾನ ನೋಡ್ರಿ" ಅಂತಲೇ ಓದಿ, ಮಂಡ್ಯದವರು "ಆಯ್ತಾನೆ" ಅನ್ನಿ, ಮಂಗಳೂರಿನವರು "ಆಗ್ತಾನೆ ಮಾರಾಯ್ರೆ" ಅನ್ನಿ. ಪಠ್ಯಪುಸ್ತಕದ ಕನ್ನಡದಲ್ಲಿ ತಮಾಷೆ ಹೇಳಿದರೆ ಸುತ್ತೋಲೆ ಓದಿದ ಹಾಗಿರುತ್ತದೆ.

ಬರೀ ಪಟ್ಟಿ ಓದಿದರೆ ಹತ್ತನೇ ಹೆಸರಿಗೆ ಬೇಸರ ಬರುತ್ತದೆ, ಆದ್ದರಿಂದ ಒಂದು ಚೌಕಟ್ಟು ಬೇಕು. ಭವಿಷ್ಯ ಹೇಳುವ ಪರಂಪರೆ ನಮ್ಮಲ್ಲಿ ಬೇಕಾದಷ್ಟಿದೆ. ಡಾ. ಎಂ. ಶಿವರಾಂ 1942ರಲ್ಲಿ ಹಾಸ್ಯಕ್ಕಾಗಿಯೇ ಮಾಸಪತ್ರಿಕೆ ಶುರು ಮಾಡಿದಾಗ ಅದಕ್ಕೆ ಇಟ್ಟ ಹೆಸರು ಕಣಿ ಹೇಳುವವಳದ್ದೇ, ಕೊರವಂಜಿ.

ನನಗೆ ಅತ್ಯಂತ ಇಷ್ಟವಾದದ್ದು ಕಾರ್ಣಿಕದ, ಅಂದರೆ ಜಾತ್ರೆಯಲ್ಲಿ ನುಡಿಯುವ ಭವಿಷ್ಯವಾಣಿಯ ಚೌಕಟ್ಟು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಮೈಲಾರಲಿಂಗನ ಭಕ್ತ ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಅಂತ ಕೂಗುತ್ತಾರೆ, ಅಷ್ಟು ದೊಡ್ಡ ಜನಸಾಗರ ಗಪ್‌ಚಿಪ್. ಆಮೇಲೆ ಒಂದೇ ಸಾಲಿನ ನುಡಿ, ಕೊನೆಗೆ "ಪರಾಕ್". ಅದರ ಅರ್ಥ ಮಳೆಯೋ ಬೆಳೆಯೋ ರಾಜಕೀಯವೋ ಅಂತ ಜನ ವಾರಗಟ್ಟಲೆ ಬಿಡಿಸುತ್ತಾರೆ. ಆ ಜಾತ್ರೆಯೂ ನಿಮ್ಮ ಬೀಳ್ಕೊಡುಗೆಯೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬರುವುದರಿಂದ ಎಲ್ಲರ ಕಿವಿಯಲ್ಲಿ ಅದು ಹಸಿಯಾಗಿಯೇ ಇರುತ್ತದೆ. ಒಬ್ಬ ನುಡಿ ಹೇಳಲಿ: "ಮೂರನೇ ಬೆಂಚು ಮುಗಿಲು ಮುಟ್ಟೀತಲೇ, ಪರಾಕ್!" ಪಕ್ಕದಲ್ಲಿ ಇಬ್ಬರು ಪಂಡಿತರು. ಒಬ್ಬರು: "ಅಲ್ಲಿ ಕೂರುವವನು ಪೈಲಟ್ ಆಗುತ್ತಾನೆ ಎಂದು ಅರ್ಥ." ಇನ್ನೊಬ್ಬರು: "ಅಲ್ಲ, ಮೇಷ್ಟ್ರು ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಾರೆ ಎಂದು ಅರ್ಥ." ಎಂಟು ಹತ್ತು ಜನಕ್ಕೆ ಈ ಕ್ರಮ ಸಾಕು, 42ಕ್ಕೂ ಎಳೆದರೆ ಹಳಸುತ್ತದೆ. ಗೊರವಯ್ಯನ ಕಪ್ಪು ಕಂಬಳಿ, ಭಂಡಾರ ಇವನ್ನು ವೇಷಕ್ಕೆ ತರಬೇಡಿ. ನುಡಿಯ ಧಾಟಿ ಎರವಲು ತಂದರೆ ಯಾರಿಗೂ ತೊಂದರೆ ಇಲ್ಲ; ದೇವರ ಕುರುಹು ತಂದರೆ ಸಭೆಯಲ್ಲೇ ಇರುವ ಗೊರವರ ಮನೆತನದ ಮಕ್ಕಳಿಗೆ ನೋವಾಗಬಹುದು. ಬುಡುಬುಡಿಕೆಯವರ "ಹಾಲಕ್ಕಿ ನುಡೀತೈತೆ, ಶುಭ ನುಡೀತೈತೆ" ಧಾಟಿಗೂ ಇದೇ ಮಾತು. ಸದ್ದಿಗೆ ಬುಡುಬುಡಿಕೆಯೇ ಬೇಕಿಲ್ಲ, ಬಿಸ್ಕತ್ ಡಬ್ಬಿಗೆ ಒಂದು ಮುಷ್ಟಿ ಕಡಲೆಕಾಳು ಹಾಕಿ ಅಲ್ಲಾಡಿಸಿದರೆ ಆಯಿತು. ಗಿಣಿಶಾಸ್ತ್ರ ಮಾಡುವುದಾದರೆ ರಟ್ಟಿನ ಗಿಣಿ. ಯಾರದೋ ಮನೆಯ ಪಂಜರದ ಗಿಣಿ ತರುವ ಉತ್ಸಾಹ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ಕಾಡಿನ ಗಿಣಿಗಳನ್ನು ಹಿಡಿದು ಸಾಕುವುದೇ ಅಪರಾಧ.

ತರಗತಿಯಲ್ಲಿ ಅರವತ್ತು ಎಪ್ಪತ್ತು ಜನ ಇದ್ದು ಸಮಯ ಕಡಿಮೆ ಇದ್ದರೆ ಪಂಚಾಂಗದ ಧಾಟಿ ಕೈಹಿಡಿಯುತ್ತದೆ. ಯುಗಾದಿಗೆ ಓದುವ ಹಾಗೆ ಬೆಂಚಿಗೊಂದು ರಾಶಿ: "ಕಿಟಕಿ ಪಕ್ಕದ ಬೆಂಚು ರಾಶಿಯವರಿಗೆ ಆದಾಯ 2, ವ್ಯಯ 14. ಆದಾಯ ಚಾಕ್‌ಪೀಸ್, ವ್ಯಯ ಪೆನ್ನು. ಗಣಿತದ ಪೀರಿಯಡ್ಡಿನಲ್ಲಿ ವಿದೇಶ ಪ್ರಯಾಣ ಯೋಗ, ಕಿಟಕಿಯ ಮೂಲಕ." ಆದರೂ ಪ್ರತಿ ರಾಶಿಯೊಳಗೆ ಆ ಬೆಂಚಿನ ನಾಲ್ಕೂ ಹೆಸರು ಬರಲೇಬೇಕು.

42 ಜನಕ್ಕೆ ನಾನು ಹೇಳುವ ಮುಖ್ಯ ಚೌಕಟ್ಟು ಬೇರೆ: 2051ರ ಗುರುವಂದನೆ. ಹಳೆಯ ವಿದ್ಯಾರ್ಥಿಗಳು ವಾಟ್ಸಾಪ್ ಗುಂಪು ಕಟ್ಟಿ, ಇಪ್ಪತ್ತೈದು ವರ್ಷದ ಮೇಲೆ ಶಾಲೆಗೆ ಬಂದು, ಮೇಷ್ಟ್ರಿಗೆ ಶಾಲು ಹೊದಿಸುವ ಕಾರ್ಯಕ್ರಮ ಈಗ ಊರೂರಲ್ಲೂ ನಡೆಯುತ್ತದೆ. ನಿಮ್ಮ ಶಾಲೆಯ ಗೇಟಿಗೂ ಅಂಥ ಫ್ಲೆಕ್ಸ್ ಕಟ್ಟಿರುತ್ತಾರೆ. 2026ರ ಬ್ಯಾಚಿನವರ ಆ ಕಾರ್ಯಕ್ರಮವನ್ನು ಇವತ್ತೇ ನಿರೂಪಣೆ ಮಾಡಿಬಿಡಿ. ಒಬ್ಬರಾದ ಮೇಲೆ ಒಬ್ಬರು ವೇದಿಕೆಗೆ ಬರುತ್ತಾರೆ, ಏನಾಗಿದ್ದಾರೆ ಅಂತ ತಾನಾಗಿಯೇ ಹೇಳಬೇಕಾಗುತ್ತದೆ. ಇದರ ಅನುಕೂಲ ಏನೆಂದರೆ ದಿನಾ ತಡವಾಗಿ ಬರುವವನನ್ನು ಎಲ್ಲರ ನಡುನಡುವೆ ಬಳಸಬಹುದು. ಮೊದಲಲ್ಲಿ "ಹೊರಟಿದ್ದಾನಂತೆ", ಹದಿನೈದನೇ ಹೆಸರಿನ ನಂತರ "ಬಸ್‌ಸ್ಟ್ಯಾಂಡಿನಲ್ಲಿದ್ದಾನಂತೆ", ಮೂವತ್ತನೆಯದಾದ ಮೇಲೆ "ಗೇಟಿನ ಹತ್ತಿರ ಬಂದನಂತೆ", ವಂದನಾರ್ಪಣೆ ಮುಗಿದ ಮೇಲೆ: "ಬಂದ. ಸಾರಿಗೆ ಸಂಸ್ಥೆಯಲ್ಲಿ ಕಂಟ್ರೋಲರ್ ಆಗಿದ್ದಾನೆ. ಅವನ ಟೈಮಿಗೂ ಬಸ್ಸಿನ ಟೈಮಿಗೂ ಈಗ ಒಂದು ನಿಮಿಷದ ವ್ಯತ್ಯಾಸವೂ ಇಲ್ಲ." ಒಂದೇ ತಮಾಷೆ ನಾಲ್ಕು ಸಲ ಬಂದು ಇಡೀ ಓದನ್ನು ಹಿಡಿದು ನಿಲ್ಲಿಸುತ್ತದೆ.

ಅಮೆರಿಕದ ಹೈಸ್ಕೂಲುಗಳಲ್ಲಿ ಇದು ಒಂದು ಶತಮಾನಕ್ಕೂ ಹಳೆಯ ಪದ್ಧತಿ, ಅಲ್ಲಿ ಇದನ್ನು ಕ್ಲಾಸ್ ಪ್ರಾಫೆಸಿ ಅನ್ನುತ್ತಾರೆ. ಓದುವುದಷ್ಟೇ ಅಲ್ಲ, ವಾರ್ಷಿಕ ಸಂಚಿಕೆಯಲ್ಲಿ ಅಚ್ಚು ಹಾಕುತ್ತಿದ್ದರು. ಅದರ ಜೊತೆಗೆ ಕ್ಲಾಸ್ ವಿಲ್ ಅಂತ ಇನ್ನೊಂದು ಇತ್ತು, ಹೋಗುವವರು ಕಿರಿಯರಿಗೆ ಬಿಟ್ಟುಹೋಗುವ ಆಸ್ತಿಯ ಪಟ್ಟಿ. ಇದು ನಿಮಗೂ ಬಲು ಉಪಯೋಗ, ಯಾಕೆಂದರೆ ಒಂಬತ್ತನೇ ತರಗತಿಯವರೂ ಸಭೆಯಲ್ಲಿದ್ದಾರೆ, ಅವರಿಗೆ ನಿಮ್ಮವರ ಚಾಳಿಗಳು ಅಷ್ಟಾಗಿ ಗೊತ್ತಿಲ್ಲ. ಬೀಳ್ಕೊಡುಗೆಯ ದಿನ ಉಯಿಲು ಅನ್ನುವ ಪದ ಯಾರಿಗಾದರೂ ಅಪಶಕುನ ಅನ್ನಿಸಬಹುದು, ದಾನಶಾಸನ ಅನ್ನಿ. ಶಾಸನದ ಧಾಟಿ ಇತಿಹಾಸದ ಪಾಠದಲ್ಲಿ ಎಲ್ಲರೂ ಓದಿದ್ದೇ: "ಸ್ವಸ್ತಿ ಶ್ರೀ. ಹತ್ತನೆಯ ತರಗತಿಯ ಕಡೆಯ ಬೆಂಚಿನ ಒಡೆಯರು ಮೂರು ಕಾಲಿನ ಆ ಬೆಂಚನ್ನೂ, ಅದರ ಅಡಿಯ ಚ್ಯೂಯಿಂಗ್ ಗಮ್ಮನ್ನೂ, ಓಡದ ಫ್ಯಾನನ್ನೂ ಒಂಬತ್ತನೆಯ ತರಗತಿಗೆ ಆಚಂದ್ರಾರ್ಕವಾಗಿ ಬಿಟ್ಟ ದತ್ತಿ. ಇದನ್ನು ಅಳಿದವರು ಸಾವಿರ ಪ್ರಮೇಯ ಬರೆದ ದುಃಖಕ್ಕೆ ಹೋಹರು." ಒಂದು ನಿಮಿಷ, ಅದಕ್ಕಿಂತ ಉದ್ದ ಬೇಡ.

ಕೆಡುವುದು ಎಲ್ಲಿ ಅಂತ ಈಗ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲನೆಯದು ಜೋಡಿ ಮಾಡುವುದು. ಇವನೂ ಇವಳೂ 2051ಕ್ಕೆ ಗಂಡಹೆಂಡತಿ ಅನ್ನುವ ಸಾಲಿಗೆ ಅತಿ ಜೋರಾದ ಕೂಗು ಬರುತ್ತದೆ, ಅದಕ್ಕೇ ಎಲ್ಲರಿಗೂ ಆಸೆ. ಆ ಸಂಜೆಗೇ ಅದು ಯಾರದ್ದೋ ಮೊಬೈಲ್ ಸ್ಟೇಟಸ್ ಆಗಿ ಹುಡುಗಿಯ ಮನೆ ತಲುಪುತ್ತದೆ. ಹುಡುಗನಿಗೆ ಅದು ತಮಾಷೆ. ಕೆಲವು ಮನೆಗಳಲ್ಲಿ ಹುಡುಗಿಯ ಪಿಯು ಕಾಲೇಜು ಅಲ್ಲಿಗೇ ನಿಲ್ಲುತ್ತದೆ. ಒಂದೂ ಬೇಡ, ಅವರೇ ಒಪ್ಪಿದರೂ ಬೇಡ.

ಎರಡನೆಯದು ಕಣ್ಣಿಗೆ ಬೀಳದ ತಪ್ಪು: ಕೆಲಸವನ್ನೇ ಬೈಗುಳ ಮಾಡುವುದು. "ಕೊನೆಗೆ ಪಾನಿಪೂರಿ ಗಾಡಿ ಹಾಕ್ತಾನೆ", "ಕುರಿ ಕಾಯ್ತಾನೆ", "ಕಟಿಂಗ್ ಶಾಪ್ ಇಡ್ತಾನೆ" ಅಂದಾಗ ಅದೇ ಕೆಲಸದಿಂದ ಫೀಸು ಕಟ್ಟಿಸಿಕೊಂಡ ಮಗು ಎರಡು ಬೆಂಚಿನಾಚೆ ಕೂತಿರುತ್ತದೆ. ನಮ್ಮಲ್ಲಿ ಎಷ್ಟೋ ಕಸುಬಿನ ಹಿಂದೆ ಜಾತಿಯ ಹೆಸರಿರುವುದರಿಂದ ಇದು ಬರೆದವರಿಗೆ ಗೊತ್ತಿಲ್ಲದೆಯೇ ಇನ್ನೂ ಆಳಕ್ಕೆ ನಾಟುತ್ತದೆ. ಪಾನಿಪೂರಿ ಬೇಕೇ ಬೇಕು ಅಂದರೆ ಗೆಲ್ಲಿಸಿ: ಅವನ ಗಾಡಿಯ ಮುಂದೆ ಜಿಲ್ಲಾಧಿಕಾರಿಯೂ ಚೀಟಿ ಹಿಡಿದು ಸಾಲಿನಲ್ಲಿ ನಿಂತಿರಲಿ, ಆ ಜಿಲ್ಲಾಧಿಕಾರಿ ನಿಮ್ಮ ತರಗತಿಯವಳೇ ಆಗಿರಲಿ.

ದಪ್ಪ, ಕುಳ್ಳ, ಬಣ್ಣ, ಉಗ್ಗು, ಕನ್ನಡಕ ಇವು ಅಭ್ಯಾಸಗಳಲ್ಲ, ಬೇಡ. ಅಡ್ಡಹೆಸರನ್ನು ಆ ವ್ಯಕ್ತಿ ತಾನೇ ಚೀಟಿಯಲ್ಲಿ ಬರೆದಿದ್ದರೆ ಮಾತ್ರ ಬಳಸಿ. ಫೇಲಾಗುವ ತಮಾಷೆಯೂ ಬೇಡ. ಪರೀಕ್ಷೆ ಹತ್ತಿರದಲ್ಲೇ ಇದೆ, ಅಂಕಗಳ ಭಯ ಎಲ್ಲರ ಹೊಟ್ಟೆಯಲ್ಲಿದೆ, ಫಲಿತಾಂಶ ಬಂದ ದಿನ ನಿಮ್ಮ ಸಾಲು ನಿಜವಾಗಿಬಿಟ್ಟರೆ ಅದನ್ನು ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ. ಬರೆದು ಮುಗಿದ ಮೇಲೆ ಹುಡುಗಿಯರ ಸಾಲುಗಳನ್ನಷ್ಟೇ ಬೇರೆ ಮಾಡಿ ಓದಿ. ಅದರಲ್ಲಿ ಮದುವೆ, ಅಡುಗೆ, ಮೇಕಪ್ ನಾಲ್ಕಕ್ಕಿಂತ ಹೆಚ್ಚು ಸಲ ಬಂದಿದ್ದರೆ ನೀವು ಚೀಟಿ ಓದಿಲ್ಲ, ಧಾರಾವಾಹಿ ನೋಡಿ ಬರೆದಿದ್ದೀರಿ.

ಪ್ರತಿ ಸಾಲಿಗೂ ಎರಡು ಪರೀಕ್ಷೆ ಮಾಡಿ. ಹೆಸರು ಬದಲಿಸಿದರೂ ಸಾಲು ಹೊಂದುತ್ತದೆಯೇ? ಹೊಂದಿದರೆ ಅದು ಆ ವ್ಯಕ್ತಿಗೆ ಬರೆದದ್ದಲ್ಲ, ಮತ್ತೆ ಬರೆಯಿರಿ. ಅವರ ಅಮ್ಮ ಮೊದಲ ಸಾಲಿನಲ್ಲಿ ಕೂತಿದ್ದರೆ ಓದಬಲ್ಲಿರೇ? ಎಷ್ಟೋ ಶಾಲೆಗಳಲ್ಲಿ ಪೋಷಕರು ನಿಜವಾಗಿಯೂ ಬಂದು ಕೂತಿರುತ್ತಾರೆ. ಆರನೇ ದಿನ ಒಬ್ಬ ಹುಡುಗ, ಒಬ್ಬ ಹುಡುಗಿ, ಒಬ್ಬ ಮೇಷ್ಟ್ರು ಅಥವಾ ಮೇಡಂ, ಮೂವರೂ ಪೂರ್ತಿ ಓದಲಿ. ಮೂವರಲ್ಲಿ ಒಬ್ಬರು ಬೇಡ ಅಂದರೂ ಆ ಸಾಲು ಹೋಗಲಿ, ವಾದ ಬೇಡ. ಅನುಮಾನ ಇರುವ ಸಾಲನ್ನು ಅವರ ಆಪ್ತ ಗೆಳೆಯರಿಗೆ ತೋರಿಸಿ. ಅವರಿಗೇ ತೋರಿಸಿದರೆ ಅಚ್ಚರಿ ಕೆಡುತ್ತದೆ, "ಪರವಾಗಿಲ್ಲ" ಅಂತ ಬಾಯಲ್ಲಿ ಹೇಳುವುದೂ ಇದೆ.

ಶಿಕ್ಷಕರ ಮೇಲೆ ಎರಡು ಸಾಲು ಸಾಕು, ಅದೂ ಅವರ ಪ್ರಸಿದ್ಧ ಮಾತಿನ ಮೇಲೆ. "2051ರಲ್ಲೂ ಸಮಾಜ ಮೇಷ್ಟ್ರು ಹಾರ ಹಾಕಿಸಿಕೊಂಡು ಹೇಳಿದರು: ಇದು ಎರಡು ಮಾರ್ಕ್ಸಿಗೆ ಗ್ಯಾರಂಟಿ ಬರುತ್ತೆ." ನಡಿಗೆ, ದನಿ ಅಣಕಿಸುವುದು ಬೇಡ.

ಓದುವ ಕ್ರಮ ಹಾಜರಿಯ ಕ್ರಮವಾಗಬಾರದು. ಮೊದಲ ಸಾಲು ನಿಮ್ಮ ಮೇಲೆಯೇ ಇರಲಿ, ಎಲ್ಲರಿಗಿಂತ ಖಾರವಾಗಿ. ಆಮೇಲೆ ಉಳಿದವರನ್ನು ಮುಟ್ಟಲು ಪರವಾನಗಿ ಸಿಗುತ್ತದೆ. ಎರಡನೆಯದು ಕ್ಲಾಸಿನಲ್ಲೇ ಜೋರಾಗಿ ನಗುವವನದು. ಸೌಮ್ಯವಾದ ಸಾಲನ್ನು ಭಾರಿ ನಗುವಿನ ಬೆನ್ನಿಗೇ ಇಡಬೇಡಿ, ಗದ್ದಲದಲ್ಲಿ ಮುಳುಗುತ್ತದೆ. ಹೆಸರನ್ನು ಎಂಟು ಹತ್ತು ಕಡೆ ಕೊನೆಗೆ ಹೇಳಿ. ಸಭೆಯೇ ಊಹಿಸಿ ಹೆಸರು ಕೂಗಿದರೆ ಅದಕ್ಕಿಂತ ದೊಡ್ಡ ನಗು ಇಲ್ಲ. ಎಲ್ಲದರಲ್ಲೂ ಹಾಗೆ ಮಾಡಿದರೆ ರಸಪ್ರಶ್ನೆ ಆಗುತ್ತದೆ. ಇಬ್ಬರು ಸರದಿಯಲ್ಲಿ ಓದಿ, ಮೈಕಿನಿಂದ ನಾಲ್ಕು ಬೆರಳು ದೂರ. ತೀರ ಹತ್ತಿರ ಹೋದರೆ ಪ, ಬ, ಭ ಎಲ್ಲ ಬರೀ ಉಸಿರಾಗುತ್ತವೆ. ನಗು ಏರುತ್ತಿರುವಾಗ ಮುಂದಿನ ಹೆಸರಿಗೆ ಹಾರಬೇಡಿ, ಇಳಿಯಲು ಶುರುವಾದಾಗ ಡಬ್ಬಿ ಅಲ್ಲಾಡಿಸಿ ಮುಂದುವರಿಯಿರಿ. ಒಂದು ಸಾಲಿಗೆ ಯಾರೂ ನಗದಿದ್ದರೆ ವಿವರಿಸಲು ಹೋಗಬೇಡಿ.

ಮೊಬೈಲ್ ನೋಡಿ ಓದಬೇಡಿ, ನಡುವೆ ಕರೆ ಬರುತ್ತದೆ. ಕಾಗದದ ಒಂದೇ ಬದಿಗೆ, 16 ಪಾಯಿಂಟ್ ಅಕ್ಷರ, ಒಬ್ಬರ ಸಾಲು ಎರಡು ಪುಟಕ್ಕೆ ಒಡೆಯದ ಹಾಗೆ. ಇನ್ನೊಂದು ಪ್ರತಿ ತೆಗೆದು ತುಂಡು ಮಾಡಿ ಅವರವರ ಚೀಟಿ ಅವರವರಿಗೆ ಕೊಡಿ. ಗೈರಾದವರದ್ದನ್ನು ಹಾಲ್‌ಟಿಕೆಟ್ ತೆಗೆದುಕೊಳ್ಳಲು ಬಂದ ದಿನ ಕೈಗೆ ಕೊಡಿ. ಕೈಯಲ್ಲಿ ಬರೆಯುವುದಾದರೆ ಬಾಲ್‌ಪೆನ್, ಜೆಲ್ ಪೆನ್ ಆದರೆ ಒಂದು ಹನಿ ನೀರಿಗೆ ಹರಡುತ್ತದೆ. ಪ್ರಿಂಟ್ ಅಂಗಡಿಗೆ ಹೋಗುವ ಮುಂಚೆ ಕಡತವನ್ನು ಪಿಡಿಎಫ್ ಮಾಡಿಕೊಳ್ಳಿ. ಇಲ್ಲದಿದ್ದರೆ ಅವರ ಕಂಪ್ಯೂಟರಿನ ಫಾಂಟಿನಲ್ಲಿ ಒತ್ತಕ್ಷರಗಳೆಲ್ಲ ಕಳಚಿ ಬಿದ್ದು, ನಲವತ್ತೆರಡೂ ಭವಿಷ್ಯ ನಿಜವಾದ ಶಾಸನದ ಹಾಗೆ, ಯಾರಿಗೂ ಓದಲು ಬಾರದಂತೆ ಬರುತ್ತವೆ.